ಸ್ಕ್ಯಾನರ್ ಗಾಜಿನ ಮೇಲಿನ ಕುಂಕುಮ

ಅಜ್ಜಂಪುರದ ಸ್ಕ್ಯಾನರ್ ಯಾಕೆ ನಿಂತಿತು ಎಂದು ಕಂಡುಹಿಡಿಯಲು ನನಗೆ ಹತ್ತು ನಿಮಿಷ ಸಾಕಾಯಿತು. ಕಾರಣವನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಎಂ.ಎಸ್ಸಿ. ಮುಗಿಸಿ ನಾನು ಸೇರಿದ ಮೊದಲ ಕೆಲಸ ಅದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಶಾಲೆಗಳಿದ್ದ ಒಂದು ಖಾಸಗಿ ಸಂಸ್ಥೆ. ಮುಖ್ಯ ಕಚೇರಿ ತರೀಕೆರೆಯಲ್ಲಿ. ನಾನು ಕಡೂರಿನಲ್ಲಿ ಕುಳಿತು ಮೂರೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಬೇಕಿತ್ತು. ಅಜ್ಜಂಪುರದ ಕಚೇರಿಗೆಲ್ಲ ಸೇರಿ ನಕಲನ್ನೂ ತೆಗೆಯುವ ಒಂದೇ ದೊಡ್ಡ ಸ್ಕ್ಯಾನರ್. ಕಾಗದ ಇಟ್ಟು ಗುಂಡಿ ಒತ್ತಿದರೆ ಅದರ ಪ್ರತಿ ತರೀಕೆರೆಯ ಕಂಪ್ಯೂಟರಿನ ಫೋಲ್ಡರಿಗೆ ಹೋಗುತ್ತಿತ್ತು. ನಡುವೆ ಫೈರ್‌ವಾಲ್ ಇತ್ತು. ತನ್ನ ಪಟ್ಟಿಯಲ್ಲಿ ಯಾವ ಯಂತ್ರದ ನಂಬರ್ ಇದೆಯೋ ಅದನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಆ ಪಟ್ಟಿಯನ್ನು ಬರೆದವಳು ನಾನು.

ಅಜ್ಜಂಪುರದ ಅಟೆಂಡರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅಂತರಘಟ್ಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಬೀಗ ತೆಗೆಯುವುದರಿಂದ ಹಿಡಿದು ಸಂಜೆ ಬೀಗ ಹಾಕುವವರೆಗೂ ಅವರದೇ ಕೆಲಸ. ಹನ್ನೆರಡು ವರ್ಷದಿಂದ ದಿನಗೂಲಿಯಲ್ಲೇ ಇದ್ದರು. ಆ ವರ್ಷ ಖಾಯಂ ಮಾಡುವವರ ಪಟ್ಟಿಗೆ ಅವರ ಹೆಸರು ಸೇರಿತ್ತು. ದೀಪಾವಳಿಯೊಳಗೆ ಪಟ್ಟಿಗೆ ಸಂಸ್ಥೆಯ ಕಾರ್ಯದರ್ಶಿಗಳ ಸಹಿ ಆಗಬೇಕಿತ್ತು.

ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಒರೆಸಿ ಪೂಜೆ ಮಾಡುವಂತೆ ಅಲ್ಲಿನ ಹೆಡ್ ಕ್ಲರ್ಕ್ ಅಕ್ಕನಿಗೇ ಹೇಳಿದ್ದರು. ಅಕ್ಕ ಒಂದೊಂದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಸಿಕ್ಕಿಸಿದರು. ಸ್ಕ್ಯಾನರಿನ ಮುಚ್ಚಳ ಎತ್ತಿ ಗಾಜಿಗೂ ಒಂದು ಬೊಟ್ಟು ಇಟ್ಟರು. ಆಮೇಲೆ ಯಂತ್ರಗಳಿಗೆ ಬಿಡುವು ಎಂದು ಹೆಡ್ ಕ್ಲರ್ಕ್ ಮೇನ್ ಸ್ವಿಚ್ ಆಫ್ ಮಾಡಿಸಿ ಮನೆಗೆ ಹೋದರು.

ವಿಜಯದಶಮಿ ಕಳೆದು ಕಚೇರಿ ತೆರೆದ ದಿನ ನನಗೆ ಹೆಡ್ ಕ್ಲರ್ಕ್ ಫೋನ್ ಮಾಡಿದರು.

“ಮೇಡಂ, ಸ್ಕ್ಯಾನರ್ ಹೋಯ್ತು ಕಣ್ರೀ. ಎಷ್ಟ್ ಒತ್ತಿದ್ರೂ ತರೀಕೆರೆಗೆ ಹೋಗ್ತಿಲ್ಲ.”

“ಆಫ್ ಮಾಡಿ ಆನ್ ಮಾಡಿದ್ರಾ ಸರ್?”

“ಹತ್ತು ಸಲ ಆಯ್ತು. ಕುಂಕುಮ ಒಳಕ್ಕೆ ಹೋಗೈತೆ. ನಿಮ್ಮ ಅಕ್ಕ ಕೈ ಬಿಚ್ಚಿ ಹಚ್ಚವ್ಳೆ.”

ಇದ್ದರೂ ಇರಬಹುದು ಎಂದು ನನಗೂ ಅನ್ನಿಸಿತು. ಕಡೂರಿನಲ್ಲಿ ಬೇರೆ ಕೆಲಸವಿತ್ತು, ಮೂರು ದಿನ ಹೋಗಲಿಲ್ಲ. ಶಾಲೆಯ ಮಾನ್ಯತೆ ನವೀಕರಣದ ಕಾಗದಗಳು ಆ ವಾರವೇ ತರೀಕೆರೆಯಿಂದ ಇಲಾಖೆಗೆ ತಲುಪಬೇಕಿತ್ತು. ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾದು, ಕೊನೆಗೆ ಬಸ್ಸಿನಲ್ಲಿ ಕೊಟ್ಟು ಕಳಿಸುವಷ್ಟರಲ್ಲಿ ಗಡುವು ದಾಟಿತ್ತು. ಇಲಾಖೆಯ ಅಧಿಕಾರಿಯ ಮುಂದೆ ಕಾರ್ಯದರ್ಶಿಗಳು ನಿಂತು ಬೈಸಿಕೊಂಡರಂತೆ. ಯಾರಿಂದ ಹೀಗಾಯಿತು ಎಂದು ಅವರು ಕೇಳತೊಡಗಿದ ಮೇಲೆ ನಾನು ಬೆಳಗಿನ ರೈಲಿಗೆ ಹೊರಟೆ.

ನಾನು ಒಳಗೆ ಹೋದಾಗ ಅಕ್ಕ ಸ್ಕ್ಯಾನರಿನ ಪಕ್ಕದಲ್ಲೇ ನಿಂತಿದ್ದರು. ಹೆಡ್ ಕ್ಲರ್ಕ್ ಕುರ್ಚಿಯಿಂದಲೇ ಶುರು ಮಾಡಿದರು.

“ನೋಡ್ರೀ ಮೇಡಂ, ಮಿಷೀನಿಗೆ ಮುತ್ತೈದೆತನ ಬಂದೈತೆ. ತನ್ನ ಹಣೇಲಿ ಇಲ್ದಿದ್ದನ್ನ ತಂದು ಅದಕ್ಕೆ ಹಚ್ಚವ್ಳೆ. ಅದು ಉಳೀತದಾ?”

ಅಕ್ಕನ ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಪಕ್ಕದ ಮೇಜಿನ ಇಬ್ಬರು ಮೇಷ್ಟ್ರುಗಳು ನಕ್ಕರು. ನಾನು ಸ್ಕ್ಯಾನರಿನ ಮುಚ್ಚಳ ಎತ್ತಿದೆ.

“ಹಚ್ಚು ಅಂದಿದ್ದು ನೀವೇ ಅಲ್ವಾ ಸ್ವಾಮಿ?” ಎಂದರು ಅಕ್ಕ, ಮೆಲ್ಲಗೆ.

“ಮೇಲೆ ಹಚ್ಚು ಅಂದೆ ಕಣಮ್ಮ. ಅದರ ಕಣ್ಣಿಗೇ ತುಂಬು ಅಂದ್ನಾ?”

ಒಂದು ಹಾಳೆ ಇಟ್ಟು ನಕಲು ತೆಗೆದೆ. ಪ್ರತಿ ಸರಿಯಾಗಿಯೇ ಬಂತು. ಕುಂಕುಮವಿದ್ದ ಕಡೆ ಒಂದು ಕಪ್ಪು ಚುಕ್ಕೆ ಮೂಡಿತ್ತು, ಅಷ್ಟೇ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರ ಪುಟ್ಟ ಪರದೆಯಲ್ಲಿ ನಂಬರ್ ನೋಡಿದೆ. ಕೊನೆಯಲ್ಲಿ ಹದಿನೇಳು ಇರಬೇಕಿತ್ತು, ಇಪ್ಪತ್ತಮೂರು ಇತ್ತು. ಎರಡು ದಿನ ಎಲ್ಲ ಆಫ್ ಆಗಿ ಮತ್ತೆ ಆನ್ ಆದಾಗ, ಯಂತ್ರಗಳನ್ನು ಜೋಡಿಸುವ ರೂಟರ್ ಅವುಗಳಿಗೆ ಹೊಸದಾಗಿ ನಂಬರ್ ಹಂಚಿತ್ತು. ಫೈರ್‌ವಾಲ್ ಮಾತ್ರ ಹದಿನೇಳಕ್ಕೇ ಕಾಯುತ್ತಿತ್ತು. ಸ್ಕ್ಯಾನರಿಗೆ ಒಂದೇ ನಂಬರ್ ಖಾಯಂ ಆಗಿ ಇರುವಂತೆ ನಾನು ಮೊದಲ ದಿನವೇ ಮಾಡಬೇಕಿತ್ತು. ಮಾಡಿರಲಿಲ್ಲ. ಅದುವರೆಗೂ ಆ ಕಚೇರಿಯಲ್ಲಿ ಯಾರೂ ಅಷ್ಟು ಹೊತ್ತು ಮೇನ್ ಸ್ವಿಚ್ ಆಫ್ ಮಾಡಿರಲಿಲ್ಲವಾದ್ದರಿಂದ ನನ್ನ ತಪ್ಪು ಹೊರಬಂದಿರಲಿಲ್ಲ.

ನಾನು ಮೊದಲು ಒದ್ದೆ ಬಟ್ಟೆ ಕೇಳಿದೆ. ಅಕ್ಕ ಓಡಿಹೋಗಿ ತಂದರು. ಎಲ್ಲರೂ ನೋಡುತ್ತಿರುವಾಗ ಗಾಜನ್ನು ಎರಡು ಸಲ ಒರೆಸಿ, ಕೆಂಪಾದ ಬಟ್ಟೆಯನ್ನು ಅಕ್ಕನ ಕೈಗೆ ಕೊಟ್ಟೆ. ಆಮೇಲೆ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಂಬರನ್ನು ಹದಿನೇಳಕ್ಕೆ ತಂದು, ಇನ್ನೆಂದೂ ಬದಲಾಗದಂತೆ ಕಟ್ಟಿಹಾಕಿದೆ. ಎದ್ದು ಬಂದು ಗುಂಡಿ ಒತ್ತಿದೆ. ಪ್ರತಿ ತರೀಕೆರೆಗೆ ಹೋಯಿತು.

“ಹೇಳಲಿಲ್ವಾ ನಾನು!” ಎಂದು ಹೆಡ್ ಕ್ಲರ್ಕ್ ಮೇಜು ತಟ್ಟಿದರು. ಅಕ್ಕ ಆ ಬಟ್ಟೆಯನ್ನು ಹಿಡಿದುಕೊಂಡು ನಿಂತೇ ಇದ್ದರು.

ಅರ್ಧ ಗಂಟೆಗೆ ಕಾರ್ಯದರ್ಶಿಗಳ ಫೋನ್ ಬಂತು. “ನೀನು ಓದಿದವಳಮ್ಮ, ನೀನೇ ಹೇಳು. ಏನಾಗಿತ್ತು?”

“ಗಾಜಿನ ಮೇಲೆ ಕುಂಕುಮ ಇತ್ತು ಸರ್. ಒರೆಸಿದೆ. ಈಗ ಹೋಗ್ತಿದೆ.”

ಮೂರು ವಾಕ್ಯವೂ ನಿಜ. ಹಾಗೆ ಪೋಣಿಸಬೇಕೆಂದು ಫೋನ್ ಎತ್ತುವ ಮೊದಲೇ ಯೋಚಿಸಿಟ್ಟುಕೊಂಡಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಒಂದು ಬಿಳಿ ಹಾಳೆ ಹಿಡಿದು ಬಂದರು. ತಪ್ಪೊಪ್ಪಿಗೆ ಪತ್ರ ಕೊಟ್ಟರೆ ದೊಡ್ಡವರು ಕ್ಷಮಿಸುತ್ತಾರೆ ಎಂದು ಹೆಡ್ ಕ್ಲರ್ಕ್ ಹೇಳಿದ್ದರಂತೆ.

“ನನಗೆ ಸಹಿ ಮಾಡಾಕೆ ಬರ್ತದೆ, ಬರಿಯಾಕೆ ಬರಲ್ಲ ಕಣವ್ವ. ನೀವೇ ಬರ್ಕೊಡಿ. ನಾನೇ ಕೆಡಿಸ್ದೆ ಅಂತ ಚೆನ್ನಾಗಿ ಬರೀರಿ. ಪಟ್ಟೀಲಿ ಹೆಸರೊಂದು ಉಳುದ್ರೆ ಸಾಕು.”

ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಿದ್ದ ನನಗೆ ಅಂಥ ಪತ್ರಗಳಿಂದ ಏನಾಗುತ್ತದೆ ಎಂದು ಗೊತ್ತಿತ್ತು. ಬರವಣಿಗೆಯಲ್ಲಿ ಒಪ್ಪಿಕೊಂಡ ಮೇಲೆ ಕೆಲಸದಿಂದ ತೆಗೆಯಲು ವಿಚಾರಣೆ ಬೇಕಿಲ್ಲ, ನೋಟಿಸೂ ಬೇಕಿಲ್ಲ. ಪತ್ರವಿಲ್ಲದಿದ್ದರೆ ಕಾರ್ಯದರ್ಶಿಗಳ ಕೈಯಲ್ಲಿ ಬರೀ ಹೆಡ್ ಕ್ಲರ್ಕ್ ಮಾತು, ನನ್ನ ಮಾತು ಇರುತ್ತಿತ್ತು. ಆಗ ಯಾರಾದರೂ ಯಂತ್ರವನ್ನು ಇನ್ನೊಮ್ಮೆ ನೋಡಿಸಿ ಎಂದುಬಿಡಬಹುದಿತ್ತು.

ಬರೆದುಕೊಟ್ಟೆ. ‘ನನ್ನ ಅಜಾಗರೂಕತೆಯಿಂದ ಯಂತ್ರವು ಕೆಟ್ಟು ಸಂಸ್ಥೆಗೆ ತೊಂದರೆಯಾಗಿರುತ್ತದೆ’ ಎಂದು ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು, ಅವರಿಗೆ ಓದಿಯೂ ಹೇಳಿದೆ. ಅಕ್ಕ ನಿಧಾನವಾಗಿ ಸಹಿ ಮಾಡಿದರು. ನಾನೇ ಗಾಜಿನ ಮೇಲೆ ಇಟ್ಟು ಗುಂಡಿ ಒತ್ತಿ ಕಳಿಸಿದೆ.

ಮುಂದಿನ ವಾರ ಲೆಕ್ಕಪತ್ರದ ಕಂಪ್ಯೂಟರ್ ನೋಡಲು ಮತ್ತೆ ಹೋದಾಗ ಪಟ್ಟಿ ಬಂದಿತ್ತು. ಅಕ್ಕನ ಹೆಸರಿರಲಿಲ್ಲ. ಬೇರೊಂದು ಕಾಗದದಲ್ಲಿ, ತಪ್ಪನ್ನು ಲಿಖಿತವಾಗಿ ಒಪ್ಪಿರುವುದರಿಂದ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎಂದಿತ್ತು. ಅಕ್ಕ ಅದನ್ನು ನನ್ನಿಂದಲೇ ಓದಿಸಿದರು. ಕೇಳಿ, ಕಾಗದವನ್ನು ಮಡಿಚಿ ಸೆರಗಿಗೆ ಸಿಕ್ಕಿಸಿಕೊಂಡರು.

“ಪತ್ರ ಬರೆಯೋದ್ರಾಗೆ ಏನಾರ ಹೆಚ್ಚುಕಮ್ಮಿ ಆಗಿತ್ತಾ ಮೇಡಂ?”

“ಇಲ್ಲ ಅಕ್ಕ, ಸರಿಯಾಗೇ ಇತ್ತು.”

“ಅಷ್ಟ್ ಚೆಂದಾಗಿ ಬರುದ್ರಿ ನೀವು,” ಎಂದರು. “ಅದುಕ್ಕೂ ಅವ್ರ ಮನಸು ಕರಗಲಿಲ್ಲ ನೋಡ್ರಿ.” ನಾನು ಹೌದೆಂದು ತಲೆ ಆಡಿಸಿ ಕಂಪ್ಯೂಟರ್ ಆನ್ ಮಾಡಿದೆ. ಅವರು ನನಗೆ ಟೀ ತರಲು ಹೋದರು.