ಯವ್ವಾ ಎಂಬ ಫೋರ್‌ಹ್ಯಾಂಡು

ಮೊನ್ನೆ ಭಾನುವಾರ ಬೆಳಿಗ್ಗೆ ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಏನೋ ತಾಗಿ ಉರುಳಿತು. ಬಗ್ಗಿ ಕೈ ಚಾಚಿ ಎಳೆದುಕೊಂಡರೆ ಹಳೆಯ ಟೆನಿಸ್ ಚೆಂಡು. ಮೇಲಿನ ನವಿರೆಲ್ಲ ಉದುರಿ ಬೋಳಾಗಿದೆ. ಮೂಸಿದರೆ ಈಗಲೂ ತೊಗರಿ ಹೊಟ್ಟಿನ ವಾಸನೆ. ನನಗಿನ್ನೂ ಮೂವತ್ತಾಗಿಲ್ಲ, ಸೊಂಟ ಮಾತ್ರ ಯಾರೋ ಹಿರಿಯರದ್ದು. ಎದ್ದು ನಿಲ್ಲುವಾಗ ಬಾಯಿಂದ "ಯವ್ವಾ!" ಎಂದು ಹೊರಬಿತ್ತು, ಅದೂ ಓಣಿಗೆಲ್ಲ ಕೇಳುವಂತೆ.

ಒಳಗಿಂದ ನಮ್ಮ ಮನೆಯವರು "ಕ್ಯಾ ಹುವಾ?" ಎಂದರು.

"ಏನಿಲ್ಲರಿ, ಫೋರ್‌ಹ್ಯಾಂಡ್."

ಸೊಂಟನೋವಿಗೂ ಟೆನಿಸ್ಸಿನ ಹೊಡೆತವಾದ ಫೋರ್‌ಹ್ಯಾಂಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ. ನಮ್ಮ ಮನೆಯಲ್ಲಿ ನೋವಾದರೆ ಅಮ್ಮಿ "ಯಾ ಅಲ್ಲಾ" ಎನ್ನುತ್ತಿದ್ದಳು, ಅಬ್ಬಾ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದರು. ನನ್ನ ಬಾಯಿಗೆ ಈ ಯವ್ವಾ ಅಂಟಿದ್ದು ಆಳಂದದ ಕಾಲೇಜಿನಲ್ಲಿ, ನಿಂಬರ್ಗಾದ ಸುಜಾತಾಳಿಂದ. ಅವಳ ಜೊತೆ ಡಬಲ್ಸ್ ಆಡಿದವಳು ನಾನು. ಅವಳು ಆಡುವಾಗ ಅಡ್ಡ ಬರದಂತೆ ಅಂಕಣದಲ್ಲಿ ನಿಂತಿದ್ದವಳು ಎಂದರೆ ಇನ್ನೂ ಸರಿ.

ಆ ಭಾನುವಾರವೇ ಸುಜಾತಾಳ ಪಂದ್ಯವಿತ್ತು. ಕಾಲೇಜು ಮುಗಿದು ವೃತ್ತಿಪರ ಆಟಕ್ಕೆ ಇಳಿದ ಮೇಲೆ ಅವಳು ಕಾಣದ ಊರುಗಳ ಸಣ್ಣ ಸಣ್ಣ ಟೂರ್ನಿಗಳಲ್ಲಿ ಸೋಲುತ್ತಲೇ ಬಂದಿದ್ದಳು. ಈ ಸಲ ಹೇಗೋ ಅರ್ಹತಾ ಸುತ್ತು ದಾಟಿ ಮುಖ್ಯ ಸುತ್ತಿಗೆ ಬಂದಿದ್ದಳು. ಹಿಂದಿನ ದಿನ ನನಗೆ ಸಂದೇಶ ಕಳಿಸಿದ್ದಳು: "ನಾಳಿ ಗೆದ್ದರ ಜಗತ್ತಿನ ರ‍್ಯಾಂಕಿಂಗ್ ಪಟ್ಟಿಯೊಳಗ ನನ್ನ ಹೆಸರು ಬರ್ತದ ಬೇ. ಸೋತರ ಬ್ಯಾಟ್ ಕಟ್ಟಿಟ್ಟು ಊರಿಗೆ ಬರ್ತೇನಿ. ನಿಮ್ಮ ಸಾಲ್ಯಾಗ ಪಿ.ಟಿ. ಟೀಚರ್ ಬೇಕೇನು ಕೇಳಿಡು." ಕೊನೆಗೊಂದು ನಗುವ ಮುಖದ ಚಿತ್ರ. ನಿಜವಾಗಿ ನಗುವಾಗ ಅವಳು ಚಿತ್ರ ಹಾಕುವವಳೇ ಅಲ್ಲ.

ಆಳಂದದಲ್ಲಿ ಟೆನಿಸ್ ಎಲ್ಲಿತ್ತು ಎಂದು ನಿಮಗೆ ಅನುಮಾನ ಬಂದಿರಬೇಕು. ಇರಲಿಲ್ಲ. ಸುಜಾತಾ ಬೆಳೆದದ್ದು ಕಲಬುರಗಿಯಲ್ಲಿ, ಸೋದರಮಾವನ ಮನೆಯಲ್ಲಿ. ಮಾವ ಅಲ್ಲಿಯ ಒಂದು ಕ್ಲಬ್ಬಿನ ಟೆನಿಸ್ ಅಂಕಣಕ್ಕೆ ನೀರು ಹೊಡೆದು ರೋಲರ್ ಎಳೆಯುತ್ತಿದ್ದ. ಇವಳು ಚೆಂಡು ಹೆಕ್ಕುತ್ತ, ಕ್ಲಬ್ಬಿನ ಸಾಹೇಬರಿಗೆ ಜೊತೆಗಾರರು ಸಿಗದಾಗ ಆಡುತ್ತ, ಕೊನೆಗೆ ಅವರನ್ನೇ ಅಂಕಣದ ತುಂಬ ಓಡಾಡಿಸುವಷ್ಟು ಕಲಿತಳು. ಮಾವನ ಕೆಲಸ ಮುಗಿದ ಮೇಲೆ ತಾಯಿಯ ಹತ್ತಿರ ಬಂದು ನಮ್ಮ ಡಿಗ್ರಿ ಕಾಲೇಜು ಸೇರಿದಳು. ಉದ್ದನೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದವಳನ್ನು ಕಂಡು, ಭಜನೆಯವರ ಪೈಕಿ, ತಂಬೂರಿ ತಂದಿದ್ದಾಳೆ ಎಂದುಕೊಂಡಿದ್ದೆವು.

ಅಬ್ಬಾ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಮಿಲ್ಲಿನ ಹಿಂದೆ ತೊಗರಿ ಒಣಹಾಕುವ ದೊಡ್ಡ ಸಿಮೆಂಟಿನ ಅಂಗಳ. ಸಂಜೆ ತೊಗರಿ ಎತ್ತಿದ ಮೇಲೆ ಅದೇ ನಮ್ಮ ಅಂಕಣ. ಸುಣ್ಣದ ಗೆರೆ, ಕೆಳಗಿಳಿಸಿ ಕಟ್ಟಿದ ವಾಲಿಬಾಲ್ ಬಲೆ. ಬ್ಯಾಡ್ಮಿಂಟನ್ ಬರುತ್ತದೆ ಎಂದು ಎಲ್ಲೋ ಬಾಯಿಬಿಟ್ಟ ತಪ್ಪಿಗೆ ನಾನು ಅವಳ ಜೋಡಿಯಾದೆ. ಉಳಿದ ಕಾಳು ಕಾಲಡಿಗೆ ಸಿಕ್ಕಿ, ಓಢಣಿ ಬಲೆಗೆ ಸಿಕ್ಕಿ ನಾನು ಬೀಳುವುದು, ಅವಳು ಅಂಕ ಗೆದ್ದು ಬಂದು ನನ್ನನ್ನು ಎತ್ತುವುದು, ಇದು ನಮ್ಮ ಹೊಂದಾಣಿಕೆ.

ಮೊದಲ ಸಂಜೆ ಅವಳು ಸರ್ವಿಸ್‌ಗೆ ಚೆಂಡು ಮೇಲಕ್ಕೆಸೆದು ಹೊಡೆದಳು ನೋಡಿ, "ಯವ್ವಾಽಽ!" ಮಿಲ್ಲಿನೊಳಗಿಂದ ಚೀಲ ಹೊರುವ ಹಮಾಲರು ಓಡಿ ಬಂದರು. ಅಬ್ಬಾ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಬಂದರು.

"ಯಾರ ಕಾಲ ಮ್ಯಾಲ ಚೀಲ ಬಿತ್ತು?"

"ಯಾರ ಮ್ಯಾಲೂ ಬಿದ್ದಿಲ್ರಿ ಚಾಚಾ. ಸರ್ವಿಸ್ ಮಾಡಾಕತ್ತೇನಿ."

ಆ ಕೂಗು ಎಲ್ಲಿಯದೆಂದು ನನಗೆ ಗೊತ್ತಾದದ್ದು ಸುಗ್ಗಿಯಲ್ಲಿ ಅವಳ ಮನೆಗೆ ಹೋದಾಗ. ಅವಳ ತಾಯಿ ಶಾಂತಾಬಾಯಿ ಹೊಲದ ಕೂಲಿಗೆ ಹೋಗುವಾಕೆ. ಕಣದಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತು ತೊಗರಿಯ ಕಟ್ಟುಗಳಿಗೆ ಬಡಿಗೆಯಿಂದ ಬಾರಿಸುತ್ತಿದ್ದರು; ಒಂದೊಂದು ಏಟಿಗೂ ಶಾಂತಾಬಾಯಿಯ ಬಾಯಲ್ಲಿ ಅದೇ ಯವ್ವಾ, ಅದೇ ರಾಗ. ನಾನು ಸುಜಾತಾಳ ಮುಖ ನೋಡಿದೆ. "ನಮ್ಮ ಮನಿ ಆಸ್ತಿ" ಎಂದಳು.

ಕಲಬುರಗಿಯ ಅಂತರಕಾಲೇಜು ಪಂದ್ಯಾವಳಿಯ ಫೈನಲ್ಲಿನಲ್ಲಿ ಜೇವರ್ಗಿಯ ಜೋಡಿ ನಮಗೆ ಎದುರಾಯಿತು. ಅವರಲ್ಲೊಬ್ಬಳು ಅಳುಮುಖ ಮಾಡಿಕೊಂಡು ಅಂಪೈರ್ ಹತ್ತಿರ ಹೋದಳು. ಅಂಪೈರ್ ಎಂದರೆ ಅಫಜಲಪುರದಿಂದ ಬಂದಿದ್ದ ಒಬ್ಬ ದೈಹಿಕ ಶಿಕ್ಷಕರು.

"ಸರ್, ಆಕಿ ಒದರಿದ್ರ ನನ್ನ ಕೈ ನಡುಗ್ತದ್ರಿ."

ಅವರು ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. "ಒದರಬಾರದಂತ ಇಲ್ಲವಾ. ನೀನೂ ಒದರು."

ಅಷ್ಟೇ ಸಾಕಾಯಿತು. ಜೇವರ್ಗಿಯವರು ಒದರಿದರು, ಸುಜಾತಾ ಇನ್ನೂ ಜೋರಾಗಿ ಒದರಿದಳು, ಚೆಂಡು ಮುಟ್ಟದ ನಾನೂ ಒದರಿದೆ. ಪಕ್ಕದ ಅಂಕಣದ ಹುಡುಗರು ಆಟ ಬಿಟ್ಟು ಬಂದು ನಿಂತರು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡೇ ನಾವು ಕಪ್ಪು ಗೆದ್ದೆವು. ಬದುಕಿನಲ್ಲಿ ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಕಿರುಚಿಲ್ಲ. ಈಗ ನಾನು ಶಾಲಾ ಶಿಕ್ಷಕಿ, ದಿನವಿಡೀ ಮೇಜು ಬಡಿದು "ಗದ್ದಲ ಮಾಡಬ್ಯಾಡ್ರಿ" ಎನ್ನುವುದೇ ನನ್ನ ಉದ್ಯೋಗ.

ಮುಂದೆ ಸುಜಾತಾ ವಿಶ್ವವಿದ್ಯಾಲಯಗಳ ಪಂದ್ಯಗಳಲ್ಲಿ ಗೆದ್ದಳು. ಪುಣೆಯ ಒಬ್ಬ ಕೋಚ್ ಕರೆದೊಯ್ದು ತರಬೇತಿ ಕೊಟ್ಟು ವೃತ್ತಿಪರ ಟೂರ್ನಿಗಳಿಗೆ ಇಳಿಸಿದರು. ಅಲ್ಲೇ ಎಡವಟ್ಟಾದದ್ದು. ಅವಳ ಯವ್ವಾ ಬಹಳ ಉದ್ದ. ಚೆಂಡು ಆಚೆ ಬಿದ್ದರೂ ಮುಗಿಯುತ್ತಿರಲಿಲ್ಲ. ಎದುರಾಳಿ ದೂರಿದಳು, ಅಂಪೈರ್ ಇವಳ ಕೂಗು ಆಟಕ್ಕೆ ಅಡ್ಡಿ ಎಂದು ಅಂಕವನ್ನು ಆಚೆಯವಳಿಗೆ ಕೊಟ್ಟರು. ಅವತ್ತಿನಿಂದ ಇವಳು ತುಟಿ ಬಿಗಿದು ಆಡತೊಡಗಿದಳು, ಸೋಲತೊಡಗಿದಳು. "ಬಾಯಿ ಮುಚ್ಚಿದ್ರ ಕೈನೂ ಮುಚ್ಚಿಕೊಳ್ತದ ಬೇ" ಎಂದು ಒಮ್ಮೆ ಫೋನಿನಲ್ಲಿ ಅಂದಾಗ ನಾನು ಏನೇನೋ ಸಮಾಧಾನ ಹೇಳಿದ್ದೆ. ಅದರಿಂದ ಯಾರಿಗೂ ಪ್ರಯೋಜನವಾಗಿರಲಿಲ್ಲ.

ಭಾನುವಾರ ಆ ಬೋಳು ಚೆಂಡು ಕೈಯಲ್ಲಿ ಹಿಡಿದು ನಿಂತಾಗ ಸಮಾಧಾನಕ್ಕಿಂತ ಒಳ್ಳೆಯದೊಂದು ಹೊಳೆಯಿತು. ಫೋನನ್ನು ಕಿಟಕಿಗೆ ಒರಗಿಸಿ, ಚಪಾತಿ ಮಣೆ ತಂದು, ಹಿತ್ತಿಲ ಗೋಡೆಗೆ ಚೆಂಡು ಹೊಡೆಯುತ್ತ ಏಟಿಗೊಂದು ಯವ್ವಾ ಹಾಕಿದೆ. ಪಕ್ಕದ ಮನೆಯ ಖಾಲಾ ಗೋಡೆಯ ಮೇಲಿಂದ ಇಣುಕಿ, ಗಂಡ ಹೊಡೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದಳು. ಆ ವಿಡಿಯೊವನ್ನು ಸುಜಾತಾಳಿಗೆ ಕಳಿಸಿದೆ. ನೋಡಿದಳೆಂಬ ಎರಡು ನೀಲಿ ಗೀಟು ಮೂಡಿದವು, ಉತ್ತರ ಬರಲಿಲ್ಲ.

ಪಂದ್ಯ ನೋಡಲು ಸ್ಕೂಟರ್ ಹತ್ತಿ ನಿಂಬರ್ಗಾಕ್ಕೆ ಹೋದೆ. ಶಾಂತಾಬಾಯಿಯ ಮನೆಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ಪಂದ್ಯ ಬರುತ್ತಿದ್ದದ್ದು ನನ್ನ ಫೋನಿನಲ್ಲಿ, ಅದರ ಗಾಜು ಒಡೆದಿದೆ. ಮೂಲೆಯಲ್ಲಿ ಅಂಕ ಕಾಣುವ ಜಾಗದಲ್ಲೇ ಬಿರುಕು. ಕ್ಯಾಮೆರಾವನ್ನು ಎಲ್ಲೋ ಎತ್ತರದಲ್ಲಿಟ್ಟಿದ್ದರು. ಇಬ್ಬರಿಗೂ ಬಿಳಿ ಟೊಪ್ಪಿಗೆ, ನೀಲಿ ಅಂಗಿ, ಇಬ್ಬರೂ ಇರುವೆಯಷ್ಟು.

"ಯಾಕಿ ನನ್ನ ಮಗಳು?" ಎಂದಳು ಶಾಂತಾಬಾಯಿ.

ನಾನು ಡಬಲ್ಸ್ ಜೊತೆಗಾರ್ತಿಯ ಗತ್ತಿನಿಂದ ತೋರಿಸಿದೆ. ಅವಳೋ ಅದ್ಭುತವಾಗಿ ಆಡುತ್ತಿದ್ದಳು. ಅವಳು ಗೆದ್ದಾಗಲೆಲ್ಲ ಕಟ್ಟೆ ತುಂಬ ಚಪ್ಪಾಳೆ. ಆಕಡೆಯವಳು ತಪ್ಪು ಮಾಡಿದಾಗಲೆಲ್ಲ ಇನ್ನೂ ಜೋರು ಚಪ್ಪಾಳೆ. ಮೊದಲ ಸೆಟ್ ಅವಳು ಗೆದ್ದಾಗ ಶಾಂತಾಬಾಯಿ ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಫೋನಿಗೆ ಇಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ನಾವೆಲ್ಲ ಘಾಟಿಗೆ ಸೀನುತ್ತಿರುವಾಗ ಎರಡನೆಯ ಸೆಟ್ ಶುರುವಾಯಿತು.

ಆಗ ಕೇಳಿತು. "ಯವ್ವಾ!"

ಕೇಳಿದ್ದು ಆಕಡೆಯವಳ ಬಾಯಿಂದ.

ಕಟ್ಟೆಯವರೆಲ್ಲ ಫೋನಿನ ಮೇಲೆ ಬಗ್ಗಿದರು. ಮತ್ತೆ ಬಂತು: "ಯವ್ವಾ!" ಮುಂಚಿನಂತೆ ಉದ್ದವಿಲ್ಲ, ಚೆಂಡು ಬಲೆ ದಾಟುವುದರೊಳಗೆ ಮುಗಿಯುವ ಗಿಡ್ಡ ಯವ್ವಾ. ರಾಗ ಮಾತ್ರ ಅದೇ.

ಶಾಂತಾಬಾಯಿ ನನ್ನ ಕಡೆ ತಿರುಗಿದಳು. "ಹಂಗಾರ ನಾ ಯಾರ ದೃಷ್ಟಿ ತಗದೆ ಬೇ?"

ನಾನು ತೋರುಬೆರಳನ್ನು ಮೆಲ್ಲಗೆ ಆಕಡೆಯ ಇರುವೆಯ ಮೇಲೆ ಸರಿಸಿದೆ. ಆಮೇಲೆ ನಡೆದದ್ದನ್ನು ಆಟ ನೋಡುವುದು ಎನ್ನಲಾಗದು. ಅಲ್ಲಿ ಸುಜಾತಾ ಒಂದು ಯವ್ವಾ ಹಾಕಿದರೆ ಇಲ್ಲಿ ಕಟ್ಟೆಯ ಹೆಂಗಸರೆಲ್ಲ ಒಟ್ಟಿಗೆ ಯವ್ವಾ. ನೆಟ್‌ವರ್ಕ್ ನಿಂತು ಚಿತ್ರ ಅಲುಗಾಡದಿದ್ದರೂ ನಾವು ನಿಲ್ಲಿಸಲಿಲ್ಲ. ಎರಡನೆಯ ಸೆಟ್ ಸುಜಾತಾಳದಾಯಿತು. ಮೂರನೆಯದರ ಕೊನೆಗೆ ಚಿತ್ರ ಮತ್ತೆ ನಿಂತಿತು. ಮತ್ತೆ ಬಂದಾಗ ನಮ್ಮ ಇರುವೆ ಬ್ಯಾಟ್ ಎಸೆದು ನೆಲದ ಮೇಲೆ ಅಂಗಾತ ಮಲಗಿತ್ತು. ಸೋತು ಮಲಗಿದಳೋ ಗೆದ್ದು ಮಲಗಿದಳೋ ತಿಳಿಯದೆ ಎಲ್ಲರೂ ನನ್ನ ಬಾಯಿ ನೋಡಿದರು. ಅಂಪೈರ್ ಸುಜಾತಾಳ ಹೆಸರು ಹೇಳಿದ್ದು ಕೇಳಿ ನಾನು ಅಳುತ್ತಿದ್ದೆ. "ಗೆದ್ದಾಳ್ರಿ, ಪಟ್ಟಿಯೊಳಗ ಹೆಸರು ಬಂತು" ಎನ್ನಲು ಹೋದರೆ ಗಂಟಲಿನಿಂದ ಬರೀ ಗಾಳಿ ಬಂತು.

ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಅವಳ ದನಿಯೂ ಹೋಗಿತ್ತು.

"ನಿನ್ನ ಚಪಾತಿ ಮಣಿ ವಿಡಿಯೊ ಮೊದಲ್ನೇ ಸೆಟ್ ಆದ ಮ್ಯಾಲ ನೆನಪಾತು ಬೇ. ನಗು ಬಂತು, ಬಾಯಿ ಬಿಚ್ಚಿತು. ಮೊದಲ್ನೇ ಸೆಟ್ ನೋಡಿದ್ರೇನು? ಭಾಳ ಕೆಟ್ಟ ಆಡಿದೆ."

ಶಾಂತಾಬಾಯಿ ಫೋನ್ ಕಸಿದುಕೊಂಡಳು. "ನೋಡೀವಿ ಮಗಳ. ಭಾಳ ಛಂದಿತ್ತು. ದೃಷ್ಟಿ ಸೈತ ತಗದೇನಿ."

ಯಾರದ್ದೆಂದು ಹೇಳಲಿಲ್ಲ.

ಸೋಮವಾರ ಚೆಂಡನ್ನೂ ಚಪಾತಿ ಮಣೆಯನ್ನೂ ಶಾಲೆಗೆ ಒಯ್ದೆ. ನನಗೆ ದನಿಯಿರಲಿಲ್ಲ, ತರಗತಿಯಲ್ಲಿ ಗದ್ದಲವೋ ಗದ್ದಲ. ಮೇಜು ಬಡಿಯಲು ಎತ್ತಿದ ಕೈಯಿಂದ ಹುಡುಗಿಯರನ್ನೆಲ್ಲ ಮೈದಾನಕ್ಕೆ ಕರೆದೆ. ಗೋಡೆಗೆ ಚೆಂಡು ಹೊಡೆದು ತೋರಿಸಿ, ಎಲ್ಲರಿಗಿಂತ ಮೆತ್ತಗಿರುವ ಹುಡುಗಿಯ ಕೈಗೆ ಕೊಟ್ಟೆ. ಅವಳು ಬಾಯಿ ಮುಚ್ಚಿಕೊಂಡೇ ಹೊಡೆದಳು. ನಾನು ತಲೆ ಅಲ್ಲಾಡಿಸಿ, ನನ್ನ ಬಾಯಿ ತೋರಿಸಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದೆ.