ಖಂಡೇನವಮಿಯ ನಾಲ್ಕು ಸ್ಕ್ರೂ

ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ನಾನು ಜಾಬರ್ ಆಗಿದ್ದೆ. ವಿದ್ಯುತ್ ಮಗ್ಗಗಳ ರಿಪೇರಿ ನನ್ನ ಕೆಲಸ. ಖಂಡೇನವಮಿಯ ಆಯುಧಪೂಜೆಯ ದಿನ, ಮೋಟಾರಿನ ಪಟ್ಟಾಕ್ಕೆ, ಅಂದರೆ ಬೆಲ್ಟಿಗೆ, ಕೈ ಸಿಗದಂತೆ ಮುಚ್ಚಿದ ಕಬ್ಬಿಣದ ಜಾಳಿಗಳನ್ನು ಬಿಚ್ಚಿ, ಒಳಗಿನ ಗಾಲಿಗೂ ಕುಂಕುಮ ಹಚ್ಚುವುದು ನಮ್ಮಲ್ಲಿನ ಪದ್ಧತಿ. ದುಡಿಯುವುದು ಗಾಲಿ, ಪೂಜೆ ಬರೀ ಜಾಳಿಗಾಗಬಾರದು ಎಂದು ಹಿರಿಯರು ಹೇಳುತ್ತಿದ್ದರು.

ಆ ವರ್ಷವೂ ನಾನೇ ಬಿಚ್ಚಿದೆ. ದಸರೆಯ ಮರುದಿನ ಒಂದೊಂದಾಗಿ ಕೂಡಿಸುತ್ತ ಬಂದೆ. ಕೊನೆಯ ಮಗ್ಗದ ಸ್ಕ್ರೂಗಳು ಸಿಗಲಿಲ್ಲ. ನಾಳೆ ನೋಡೋಣವೆಂದು ಜಾಳಿಯಿಲ್ಲದೆಯೇ ಮಗ್ಗ ಚಾಲೂ ಮಾಡಿಸಿದೆ. ಮೂರನೆಯ ದಿನ ಆ ಮಗ್ಗದ ನೇಕಾರ, ವಾಗದರಿಯವನು, ಗಾಲಿಯ ಬಳಿ ಅಂಟಿದ ಹತ್ತಿಯ ನವಿರನ್ನು ಸರಿಸಲು ಕೈ ಚಾಚಿದ. ಪಟ್ಟಾ ಎಳೆದುಕೊಂಡಿತು. ಬಲಗೈಯ ಮೂರು ಬೆರಳು ಹೋದವು.

ಅವನು ಪರಿಹಾರಕ್ಕೆ ದಾವೆ ಹಾಕಿದ. ನನ್ನ ಸಾಕ್ಷಿಯ ಹಿಂದಿನ ದಿನ ಮಾಲೀಕರು ನವಿ ಪೇಠದ ತಮ್ಮ ಅಂಗಡಿಗೆ ಕರೆಸಿದರು. ಅವರ ವಕೀಲರೂ ಅಲ್ಲಿದ್ದರು.

"ಕೆಲಸದಾಗ ಪೆಟ್ಟಾದ್ರ ಮಾಲಕ ಪರಿಹಾರ ಕೊಡಬೇಕ್ರಿ, ಅವಂದು ತಪ್ಪಿರಲಿ ಬಿಡಲಿ," ಎಂದರು ವಕೀಲರು. "ಆದ್ರ ಕೆಲಸದವನೇ ಬೇಕಂತ ಜಾಳಿ ತೆಗದಿದ್ದ ಅಂದ್ರ, ಇಂಥ ಕೇಸಿನಾಗ ಕೊಡೂ ಹಂಗಿಲ್ಲ. ಈಗ ಹೇಳ್ರಿ, ಜಾಳಿ ಯಾರು ತೆಗದ್ರು?"

ಮಾಲೀಕರು ಟವೆಲ್ ಮಡಚುತ್ತ ಕುಳಿತಿದ್ದರು. ಕೆಲಸ ಹೋದರೆ ಈ ವಯಸ್ಸಿನಲ್ಲಿ ಮತ್ತೆ ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆ ನೇಕಾರನೊಂದಿಗೆ ಯಾವಾಗಲೂ ಕನ್ನಡ ಮಾತಾಡುತ್ತಿದ್ದವನು ಮರುದಿನ ಕೋರ್ಟಿನಲ್ಲಿ ಮರಾಠಿಯಲ್ಲಿ ಹೇಳಿದೆ: ಅವನೇ ತೆಗೆದ, ನಾನು ಬೇಡವೆಂದಿದ್ದೆ. ಆ ಎರಡನೆಯ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದಾವೆ ವಜಾ ಆಯಿತು. ಅಪೀಲು ಹಾಕಲು ಅವನಿಗೆ ತ್ರಾಣವಿರಲಿಲ್ಲ, ಮುದತ್ತೂ ಮುಗಿಯಿತು.

ಹೋದ ವರ್ಷ ಕೆಲಸ ಬಿಟ್ಟೆ. ಹತಾರಗಳ ಡಬ್ಬಿ ಬರಿದು ಮಾಡುವಾಗ ತಳದಲ್ಲಿ ನಾಲ್ಕು ಸ್ಕ್ರೂ ಸಿಕ್ಕವು. ಅವುಗಳ ತಿರುಪಿನ ಸುತ್ತುಗಳಲ್ಲಿ ಕುಂಕುಮ ಇನ್ನೂ ಇತ್ತು.

ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ವಾಗದರಿಗೆ ಹೋದೆ. ಅವನು ಮನೆಯ ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಶೇಂಗಾ ಹಸನು ಮಾಡುತ್ತಿದ್ದ. ಸ್ಕ್ರೂಗಳನ್ನು ಮುಂದಿಟ್ಟು ಎಲ್ಲ ಹೇಳಿದೆ.

"ಗೊತ್ತದ ಕಾಕಾ. ಮಗ್ಗದ ಮುಂದ ನಿಂತಾವಗ ಗೊತ್ತಿರಂಗಿಲ್ಲೇನ್ರಿ?"

"ಮತ್ತ ನನ್ನ ಒಂದ್ ದಿನಾನೂ ಬಯ್ಯಲಿಲ್ಲಲ್ಲೊ."

"ಬೈದೀನಿ. ನಿಮಗ ಕೇಳಸಿಲ್ಲ, ಅಷ್ಟ."

ಒಳಗೆ ಅವನ ಹೆಂಡತಿ ಚಹಾ ಮಾಡುತ್ತಿದ್ದಳು. ಅವನು ದನಿ ತಗ್ಗಿಸಿದ. "ನನಗ ಹೇಳಿ ಏನ್ ಮಾಡ್ತೀರಿ? ಆಕಿಗೆ ಹೇಳ್ರಿ. ಮಗ್ಗ ನಿಂದರಸದ ನಾಕು ಟವೆಲ್ ಜಾಸ್ತಿ ನೇಯೂ ಆಸೇಕ್ಕ ನಾನ ಜಾಳಿ ತೆಗದೀನಿ ಅಂತ ತಿಳಕೊಂಡಾಳ. ನಾ ಹೇಳಿದ್ರೂ ನಂಬಿಲ್ಲ, ಕೋರ್ಟ್ ಹಂಗ ಅಂದದಲ್ಲ."

ಅವಳು ಒಂದೇ ಕಪ್ಪಿನಲ್ಲಿ ಚಹಾ ತಂದು ನನ್ನ ಮುಂದಿಟ್ಟಳು.

"ಜಾಳಿ ತೆಗದಾಂವ ನಾನವ್ವ," ಎಂದೆ. "ಕೋರ್ಟಿನಾಗ ಸುಳ್ಳು ಹೇಳಿದಾಂವನೂ ನಾನ."

ಅವಳು ನನ್ನನ್ನು ನೋಡಲಿಲ್ಲ. ಗಂಡನ ಬಲಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಂದಿನ ಕಪ್ಪನ್ನು ಎತ್ತಿ ಅವನ ಎಡಗೈಗೆ ಕೊಟ್ಟಳು.

"ಅಕ್ಕಲಕೋಟದ ಬಸ್ಸಿನ ಹೊತ್ತಾತು," ಎಂದಳು, ನನ್ನತ್ತ ತಿರುಗದೆ.