ಅರುವತ್ತು ವರ್ಷದ ತಪ್ಪು

ಕಾರ್ಕಳದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಕುಶಲಾ ಹದಿನೆಂಟನೆಯ ಶತಮಾನದ ಯಕ್ಷಗಾನ ಪ್ರಸಂಗಗಳ ಬೆನ್ನು ಹತ್ತಿದವರು. ಕಾಪುವಿನ ಮನೆಯೊಂದರಲ್ಲಿ ಸಿಕ್ಕಿದ ತಾಳೆಗರಿ ಕಟ್ಟು ಅವರಿಗೆ ಡಾಕ್ಟರೇಟ್ ತಂದುಕೊಟ್ಟಿತ್ತು. ಪ್ರಸಂಗ ಬರೆದು ಮುಗಿಸಿದ ಕಾಲವನ್ನು ಕವಿಯೇ ಹೇಳುವ ಕೊನೆಯ ಪದ್ಯದ ಗರಿ ಮಾತ್ರ ಮುರಿದಿತ್ತು. ಉಳಿದದ್ದು ‘ವಿಕ್ರಮ ಸಂವತ್ಸರ’ ಎಂಬುದಷ್ಟೇ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಭಾಷೆ ಹಳೆಯದಾಗಿ ಕಂಡದ್ದರಿಂದ ಕುಶಲಾ 1760 ಎಂದು ಬರೆದರು; ಎಲ್ಲರೂ ಒಪ್ಪಿದರು. ಅವರ ಬಳಿ ಸಂಶೋಧನೆ ಮಾಡುತ್ತಿದ್ದ ತನ್ವಿ ಅದೇ ಇಸವಿಯನ್ನು ನಂಬಿ ತನ್ನ ಪ್ರಬಂಧ ಬರೆದು, ಸಲ್ಲಿಸಲು ಸಿದ್ಧಳಾಗಿದ್ದಳು.

ಹೀಗಿರುವಾಗ ಕುಕ್ಕುಂದೂರಿನ ವೃದ್ಧ ಭಾಗವತ ಮುದ್ದಣ್ಣ, ಅಟ್ಟದಲ್ಲಿ ಹಳೆಯ ಕಟ್ಟೊಂದು ಉಂಟೆಂದು ಫೋನ್ ಮಾಡಿದರು. ಕುಶಲಾ ಹೋಗಿ ಬಿಚ್ಚಿ ನೋಡಿದರೆ ಅದೇ ಪ್ರಸಂಗ, ಕೊನೆಯ ಪದ್ಯ ಇಡಿಯಾಗಿದೆ. ಶಕವರ್ಷ ಸಾವಿರದ ಏಳುನೂರ ನಲವತ್ತೆರಡು. ಅಂದರೆ 1820.

“ಎಂತ ಟೀಚರೇ, ಹೀಗೆ ಬೆವರುತ್ತಿದ್ದೀರಿ?”

“ಸೆಕೆ ಅಲ್ವಾ,” ಎಂದು ಫೋಟೋ ತೆಗೆದುಕೊಂಡು ಎದ್ದರು.

ಪದ್ಯದಲ್ಲಿದ್ದ ತಿಥಿ, ವಾರ ಲೆಕ್ಕ ಹಾಕಿದರು, ಲಿಪಿಕಾರ ತಪ್ಪಿರಲಿ ಎಂದು ಹಂಬಲಿಸಿದರು. ಎರಡೂ 1820ಕ್ಕೇ ಕೂಡಿಬಂದವು. ಪಾಠದ ನಡುವೆ ಮಾತು ತಪ್ಪತೊಡಗಿತು. ತನ್ವಿಯ ಹೆಸರು ಫೋನಿನಲ್ಲಿ ಕಂಡರೆ ಎತ್ತುತ್ತಿರಲಿಲ್ಲ. ಮುದ್ದಣ್ಣರ ಕಣ್ಣು ಮಂಜಾಗಿದೆ, ಆ ಗರಿಯನ್ನು ಇನ್ನು ಯಾರು ಓದುತ್ತಾರೆ? ಒಮ್ಮೆ ಫೋಟೋ ಅಳಿಸಲು ಬೆರಳು ಹೋಗಿ, ಹಿಂದೆ ಬಂತು.

ಎಂಟನೆಯ ದಿನ ತನ್ವಿ ಮಾರ್ಗದರ್ಶಕರ ಸಹಿಗೆಂದು ಪ್ರಬಂಧ ಹಿಡಿದು ಬಂದಳು. ಕುಶಲಾ ಪೆನ್ನು ತೆರೆದರು, ಮುಚ್ಚಿದರು. ಫೋಟೋ ಮುಂದಿಟ್ಟರು. ಗರಿ ಓದಲು ಕಲಿಸಿದವರು ಅವರೇ. ತನ್ವಿಗೆ ಎರಡು ನಿಮಿಷ ಸಾಕಾಯಿತು.

“ಇದು ಯಾವಾಗ ಸಿಕ್ಕಿದ್ದು, ಮೇಡಂ?”

“ಎಂಟು ದಿನ ಆಯಿತು.”

“ಎಂಟು ದಿನವೂ ನಾನು 1760 ಎಂದೇ ಮೂರನೇ ಅಧ್ಯಾಯ ತಿದ್ದುತ್ತಾ ಇದ್ದೆ, ಮೇಡಂ.”



ಮುಂದಿನ ತಿಂಗಳು ಮಣಿಪಾಲದ ವಿಚಾರಸಂಕಿರಣದಲ್ಲಿ ಅವರು ತಮ್ಮ ತಪ್ಪನ್ನು ತಾವೇ ಓದಿದರು. ನಡುವೆ ಎರಡು ಬಾರಿ ನೀರು ಕುಡಿದರು. ಯಾರೂ ಪ್ರಶ್ನೆ ಕೇಳಲಿಲ್ಲ, ಕೇಳಿದ್ದರೇ ವಾಸಿಯಿತ್ತು. ತನ್ವಿಗೆ ಇನ್ನೂ ಏಳು ತಿಂಗಳು ಹಿಡಿಯಿತು. ಹೊಸ ಪ್ರಬಂಧದಲ್ಲಿ ಗುರುವಿನ ತಪ್ಪನ್ನು ಮುಲಾಜಿಲ್ಲದೆ ಬರೆದಿದ್ದಳು. ಕುಶಲಾ ಅದನ್ನು ಓದಿಯೇ ಸಹಿ ಹಾಕಿದರು.

ಹೀಗೆ ಅಂದಾಜಿನಲ್ಲೇ ಕುಶಲಾ ಕಾಲ ನಿರ್ಧರಿಸಿದ ಪ್ರಸಂಗಗಳು ಇನ್ನೂ ಮೂರಿವೆ. ಎರಡನ್ನು ಮತ್ತೆ ನೋಡಿಯಾಯಿತು, ಸರಿಯಿವೆ. ಮೂರನೆಯದರ ಕಟ್ಟು ಹೆಬ್ರಿಯ ಮನೆಯೊಂದರಲ್ಲಿದೆ. ಭಾನುವಾರ ಬನ್ನಿ ಎಂದು ಆ ಮನೆಯವರು ಹೇಳಿದ್ದಾರೆ.